ವಾಲ್ವ್ ಸಿಡಿ ಪ್ಲೇಯರ್: ವಾಲ್ವ್ ಗಟ್ಟಿ, ತಲೆನೋವೆಲ್ಲ ಲೆನ್ಸ್‌ದು

ಈ ವಾಲ್ವ್ ಸಿಡಿ ಪ್ಲೇಯರನ್ನು (ವಾಲ್ವ್ ಅಂದರೆ ಹಳೇ ರೇಡಿಯೋಗಳಲ್ಲಿ ಇರುತ್ತಿದ್ದ ಗಾಜಿನ ಕೊಳವೆ) ಮನೆಗೆ ತಂದಾಗ ನೋಡಿದವರೆಲ್ಲ ಕೇಳಿದ್ದು ಒಂದೇ ಮಾತು: "ವಾಲ್ವ್ ಸುಟ್ಟು ಹೋದ್ರೆ ಏನ್ ಮಾಡ್ತೀರಾ?" ವರ್ಷಗಳೇ ಆದವು, ವಾಲ್ವ್‌ಗೆ ಏನೂ ಆಗಿಲ್ಲ. ಜೊತೆಗೆ ಬಂದ ಎರಡು ಇಸಿಸಿ83 ಮಾದರಿಯ ವಾಲ್ವ್‌ಗಳು ಇನ್ನೂ ಉರಿಯುತ್ತಿವೆ. ಹೋದರೂ ಚಿಂತೆಯಿಲ್ಲ. ಗಿಟಾರ್ ಆಂಪ್‌ಗಳಿಗೂ ಅದೇ ವಾಲ್ವ್, ಅಲ್ಲಿ 12ಎಎಕ್ಸ್7 ಅನ್ನುತ್ತಾರೆ. ಈಗಲೂ ಹೊಸದು ಸಿಗುತ್ತದೆ.

ಮೊದಲು ಸದ್ದಿನ ವಿಷಯ. ವಾಲ್ವ್ ಇರುವುದು ಡ್ಯಾಕ್ (ಸಿಡಿಯ ಡಿಜಿಟಲ್ ಅಂಕಿಗಳನ್ನು ಸದ್ದಿನ ಸಿಗ್ನಲ್ ಮಾಡುವ ಭಾಗ) ಆದಮೇಲೆ, ಔಟ್‌ಪುಟ್‌ನಲ್ಲಿ ಮಾತ್ರ. ಡಿಸ್ಕ್ ಓದುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಸಿಡಿಯ 16 ಬಿಟ್, 44.1 ಕಿಲೋಹರ್ಟ್ಸ್ ಧ್ವನಿಮುದ್ರಣದಲ್ಲಿ ಇಲ್ಲದ ವಿವರವನ್ನು ಅದು ಹುಟ್ಟಿಸುವುದೂ ಇಲ್ಲ. ಒಂಚೂರು ಹಾರ್ಮಾನಿಕ್ ಡಿಸ್ಟಾರ್ಷನ್ (ಮೂಲ ಸ್ವರದ ಜೊತೆಗೆ ಅದರದೇ ಎತ್ತರದ ಉಪಸ್ವರಗಳು) ಸೇರಿಸುತ್ತದೆ, ಅದು ಕಿವಿಗೆ ಹಿತ ಅಷ್ಟೇ. ನನ್ನ ಹತ್ತಿರ ಇರುವುದು ಜಾಸ್ತಿ ಕರ್ನಾಟಕ ಸಂಗೀತ, ಹಳೇ ಕಛೇರಿಗಳನ್ನು ಸಿಡಿಗೆ ಹಾಕಿದವು. ಪಿಟೀಲು ತಾರಸ್ಥಾಯಿಗೆ ಏರಿದರೆ ಮೊದಲಿನ ಪ್ಲೇಯರ್‌ನಲ್ಲಿ ಕಿವಿಗೆ ಚುಚ್ಚುತ್ತಿತ್ತು. ಇದರಲ್ಲಿ ಚುಚ್ಚುವುದಿಲ್ಲ. ಮೃದಂಗದ ಗುಮ್ಕಿ (ಎಡಗೈಯ ತಗ್ಗಿನ ನಾದ) ಮಾತ್ರ ಸ್ವಲ್ಪ ಸಡಿಲ.

ಡಿಸ್ಕ್ ಹಾಕುವುದೇ ಒಂದು ಖುಷಿ. ಮೇಲಿನ ಗಾಜಿನ ಮುಚ್ಚಳ ಜರುಗಿಸಬೇಕು, ಡಿಸ್ಕ್ ಇಡಬೇಕು, ಅದರ ಮೇಲೆ ಆಯಸ್ಕಾಂತದ ಬಿಲ್ಲೆ. ಟಪ್ ಅಂತ ಕಚ್ಚಿಕೊಳ್ಳುತ್ತದೆ. ಸ್ವಿಚ್ ಒತ್ತಿದ ಕೂಡಲೇ ಹಾಡು ಬರಲ್ಲ, ವಾಲ್ವ್ ಕಾಯಬೇಕು. ಆಮೇಲೆ ಒಳಗೆ ರಿಲೇ (ತಾನಾಗಿ ಆನ್ ಆಗುವ ಸ್ವಿಚ್) ಟಿಕ್ ಅನ್ನುತ್ತದೆ, ಆಗ ಸದ್ದು ಬರುತ್ತದೆ. ಅಷ್ಟರಲ್ಲಿ ಕಾಫಿ ಬೆರೆಸಿಕೊಂಡು ಬಂದು ಕೂರುತ್ತೇನೆ.

ಹಾಂ, ಅಂಗಡಿಯಲ್ಲಿ ವಾಲ್ವ್ ಕಿತ್ತಳೆ ಬಣ್ಣದಲ್ಲಿ ಜಗಜಗಿಸಿದರೆ ಬಗ್ಗಿ ನೋಡಿ. ಕೆಲವದರಲ್ಲಿ ಕೆಳಗೆ ಎಲ್‌ಇಡಿ ಕೂರಿಸಿರುತ್ತಾರೆ. ಇಸಿಸಿ83 ಅಷ್ಟೆಲ್ಲ ಹೊಳೆಯುವುದಿಲ್ಲ.

ಈಗ ಗೋಳು. ಮೊದಲು ಸಿಡಿ-ಆರ್‌ಗಳನ್ನು (ಕಂಪ್ಯೂಟರಿನಲ್ಲಿ ನಾವೇ ಬರೆದುಕೊಳ್ಳುವ ಸಿಡಿ) ಓದುವುದು ನಿಲ್ಲಿಸಿತು. ಆಮೇಲೆ ಒಳ್ಳೇ ಡಿಸ್ಕ್‌ಗಳಲ್ಲೂ ಕೊನೆಯ ಹಾಡು ಎಗರತೊಡಗಿತು. ಸರಿಯಾಗಿ ಮಂಗಳದ ಹೊತ್ತಿಗೆ! ಮುಚ್ಚಳ ಮೇಲೇ ಇರುವುದರಿಂದ ತೆರೆದಾಗೆಲ್ಲ ಬೆಂಗಳೂರಿನ ಧೂಳು ನೇರ ಡಿಸ್ಕ್ ಓದುವ ಲೇಸರ್ ಲೆನ್ಸ್ ಮೇಲೆ. ಒರೆಸಿ ನೋಡಿದೆ, ಉಪಯೋಗವಾಗಲಿಲ್ಲ. ಮಾರಿದವರಿಗೆ ಫೋನ್ ಮಾಡಿದರೆ ಇಡೀ ಮೆಕ್ಯಾನಿಸಂ ಬದಲಿಸಬೇಕು ಅಂದರು. ಹೇಳಿದ ರೇಟಿಗೆ ಒಂದು ಸಾದಾ ಪ್ಲೇಯರೇ ಬರುತ್ತಿತ್ತು.

ಕೊನೆಗೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್‌ಪಿ ರೋಡಿಗೆ ಹೋದೆ. ರಿಪೇರಿಯವರು ಬಿಚ್ಚಿ ನೋಡಿ, "ಲೆನ್ಸ್ ಹೋಗಿದೆ ಸಾರ್, ಇದ್ರಲ್ಲಿ 15 ಪಿನ್ ಕೇಬಲ್‌ದು ಬೇರೆ, 16 ಪಿನ್‌ದು ಬೇರೆ" ಅಂದರು. ತರಿಸಿದ ಹೊಸ ಲೆನ್ಸ್‌ನ ಬೋರ್ಡ್ ಮೇಲೆ ಸಾಸಿವೆ ಕಾಳಿನಷ್ಟು ಸೋಲ್ಡರ್ (ಬೆಸುಗೆ) ಇತ್ತು. ಸ್ಟ್ಯಾಟಿಕ್ ಕರೆಂಟಿಗೆ ಲೇಸರ್ ಸುಡದಿರಲಿ ಅಂತ ಕಾರ್ಖಾನೆಯಲ್ಲೇ ಹಾಕಿರುತ್ತಾರಂತೆ. ಕೇಬಲ್ ಜೋಡಿಸಿದ ಮೇಲೆ ಸೋಲ್ಡರಿಂಗ್ ಐರನ್ ತಾಗಿಸಿ ಅದನ್ನು ತೆಗೆದರು. ತೆಗೆಯದಿದ್ದರೆ ಹೊಸ ಲೆನ್ಸ್ ಕೂಡ ಏನೂ ಓದಲ್ಲ. ಈಗ ಮಂಗಳ ಪೂರ್ತಿ ಕೇಳುತ್ತದೆ.

ಕೊಳ್ಳುವವರು ವಾಲ್ವ್ ಬ್ರ್ಯಾಂಡ್ ಬಗ್ಗೆ ಆಮೇಲೆ ತಲೆ ಕೆಡಿಸಿಕೊಳ್ಳಿ. ಒಳಗಿನ ಲೆನ್ಸ್ ನಂಬರ್ ಏನು, ಬಿಡಿಯಾಗಿ ಸಿಗುತ್ತಾ ಅಂತ ಮೊದಲು ಕೇಳಿ. ಬಾಯಿ ಬಿಡದಿದ್ದರೆ ದುಡ್ಡು ಬಿಚ್ಚಬೇಡಿ. ಬಜೆಟ್ ಬಿಗಿ ಇದ್ದರೆ ಡಿಜಿಟಲ್ ಔಟ್ ಇರುವ ಸಾದಾ ಪ್ಲೇಯರ್ ತಗೊಂಡು, ವಾಲ್ವ್ ಇರುವ ಡ್ಯಾಕ್ ಬೇರೆಯಾಗಿ ಹಾಕಿ. ಒಂದು ಕೆಟ್ಟರೆ ಅದೊಂದನ್ನೇ ಬದಲಿಸಬಹುದು.