ಕರಾಟೆ, ಕ್ರಾವ್ ಮಗಾ, ಜೂಡೊ: ಮೂರನ್ನೂ ಕಲಿತು ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಆತ್ಮರಕ್ಷಣೆಗೆ ನನ್ನ ಆಯ್ಕೆ ಜೂಡೊ. ಎಂಟು ತಿಂಗಳು ಕರಾಟೆಗೆ ದುಡ್ಡು ಸುರಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಮುಂಬಯಿಯ ಮುಲುಂಡಿನ ನಮ್ಮ ಸೊಸೈಟಿ ಹಾಲ್‌ನಲ್ಲೇ ಕ್ಲಾಸು ಇತ್ತೆಂದು ಕರಾಟೆ ಸೇರಿದೆ. ಕಾಲಿಗೆ ಬಲ ಬಂತು, ಗಂಟಲು ಬಿಟ್ಟು ಕೂಗುವ ಸಂಕೋಚ ಹೋಯಿತು. ಕೊರತೆ ಗೊತ್ತಾದದ್ದು ಘಾಟ್ಕೋಪರ್ ಸ್ಟೇಷನ್ನಿನ ಸೇತುವೆಯ ಮೇಲೆ. ಸಂಜೆ ಏಳರ ನೂಕುನುಗ್ಗಲು. ಹಿಂದಿನಿಂದ ಒಬ್ಬ ರಟ್ಟೆ ಬಿಗಿಯಾಗಿ ಹಿಡಿದ. ಗುದ್ದೋಣವೆಂದರೆ ಮೊಣಕೈ ಹಿಂದಕ್ಕೆಳೆಯಲು ಜಾಗವಿಲ್ಲ, ಒದೆಯೋಣವೆಂದರೆ ಕಾಲೆತ್ತಲು ಜಾಗವಿಲ್ಲ. ಜೋರಾಗಿ ಕೂಗಿದೆ. ಕೈಬಿಟ್ಟು ಗುಂಪಿನಲ್ಲಿ ಕರಗಿಹೋದ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಎಂಟು ತಿಂಗಳಲ್ಲಿ ಕ್ಲಾಸಿನಲ್ಲಿ ಯಾರೂ ನನ್ನನ್ನು ಹಿಡಿದೇ ಇರಲಿಲ್ಲ! ಸಾಲಾಗಿ ನಿಂತು ಕಟಾ (ಎದುರಾಳಿಯಿಲ್ಲದೆ ಒಂದೇ ಕ್ರಮದಲ್ಲಿ ಮಾಡುವ ಹೊಡೆತ, ತಡೆಗಳ ಸರಣಿ) ಮಾಡುತ್ತಿದ್ದೆವು, ಗಾಳಿಗೆ ಗುದ್ದುತ್ತಿದ್ದೆವು. ಜೋಡಿಯಲ್ಲಿ ಮಾಡುವಾಗಲೂ ಮುಷ್ಟಿ ಮುಖಕ್ಕಿಂತ ಗೇಣು ದೂರದಲ್ಲೇ ನಿಲ್ಲಬೇಕು. ಎಲ್ಲ ಕರಾಟೆಯೂ ಹೀಗಲ್ಲ, ಕ್ಯೊಕುಶಿನ್ ಪದ್ಧತಿಯಲ್ಲಿ ಮೈಗೆ ನಿಜವಾಗಿಯೇ ಹೊಡೆಯುತ್ತಾರೆ. ನನ್ನ ಮನೆ ಹತ್ತಿರ ಸಿಕ್ಕಿದ್ದು ಮಾತ್ರ ಗಾಳಿಗೆ ಗುದ್ದುವ ಈ ಬಗೆ. ಮೂರು ತಿಂಗಳಿಗೊಮ್ಮೆ ಬೆಲ್ಟ್ ಪರೀಕ್ಷೆಯ ಫೀಸು ಬೇರೆ.

ಕ್ರಾವ್ ಮಗಾ ಅಂಧೇರಿಯಲ್ಲಿ ಎರಡು ದಿನದ ಶಿಬಿರದಲ್ಲಿ ಕಲಿತೆ. ಇಮಿ ಲಿಖ್ಟೆನ್‌ಫೆಲ್ಡ್ ಇಸ್ರೇಲಿ ಸೈನಿಕರಿಗೆ ಕಲಿಸಿದ ವಿದ್ಯೆ, ಸುತ್ತುಬಳಸು ಇಲ್ಲ. ಮಣಿಕಟ್ಟು ಹಿಡಿದವನ ಹೆಬ್ಬೆರಳಿನ ಕಡೆಗೆ ಕೈ ತಿರುಗಿಸಿ ಕಿತ್ತುಕೊಳ್ಳುವುದು ಇವತ್ತಿಗೂ ನೆನಪಿದೆ. ಉಳಿದದ್ದು ತಿಂಗಳೊಳಗೆ ಮರೆತುಹೋಯಿತು. ದಿನಾ ಕಲಿಸುವ ಕಡೆ ಫೀಸು ನನ್ನ ಕೈಗೆಟಕುವಂತಿರಲಿಲ್ಲ.

ಜೂಡೊದಲ್ಲಿ ಹಿಡಿತದಿಂದಲೇ ಶುರು. 1882ರಲ್ಲಿ ಇದನ್ನು ಕಟ್ಟಿದ ಜಿಗೋರೊ ಕಾನೊ, ಗುದ್ದು ಒದೆತಗಳನ್ನು ಎದುರಾಳಿಯ ಜೊತೆಗಿನ ಮುಕ್ತ ಅಭ್ಯಾಸದಿಂದ ಹೊರಗಿಟ್ಟರು. ಹಾಗಾಗಿ ಉಳಿದ ಪಟ್ಟುಗಳನ್ನು ಮೈಯ ಶಕ್ತಿಯೆಲ್ಲ ಹಾಕಿ ಮಾಡಬಹುದು. ನನಗಿಂತ ಇಪ್ಪತ್ತು ಕೆಜಿ ಹೆಚ್ಚಿನ ಹುಡುಗ ಕಾಲರ್ ಹಿಡಿದು ಜಗ್ಗುತ್ತಾನೆ, ನಾನು ನಿಲ್ಲಬೇಕು. ವಾರಕ್ಕೆ ಮೂರು ದಿನ ಇದೇ ಕೆಲಸವಾದರೆ ಯಾರಾದರೂ ಹಿಡಿದಾಗ ಮೈ ಮರಗಟ್ಟುವುದು ನಿಲ್ಲುತ್ತದೆ. ಗುದ್ದು ತಪ್ಪಿಸಿಕೊಳ್ಳುವುದನ್ನು ಮಾತ್ರ ಇಲ್ಲಿ ಕಲಿಸುವುದಿಲ್ಲ.

ಮೊದಲ ಎರಡು ತಿಂಗಳು ಬರೀ ಬೀಳುವುದು. ಗದ್ದ ಎದೆಗೊತ್ತಿಕೊಂಡು, ಕಣ್ಣು ಬೆಲ್ಟಿನ ಗಂಟಿನ ಮೇಲಿಟ್ಟು, ಅಂಗೈಯಿಂದ ಮ್ಯಾಟಿಗೆ ಬಡಿಯಬೇಕು. ಬೇಸರವಾಗಿತ್ತು. ಜುಲೈ ಮಳೆಯಲ್ಲಿ ಸ್ಟೇಷನ್ ಮೆಟ್ಟಿಲ ಮೇಲೆ ಜಾರಿ ಹಿಮ್ಮುಖವಾಗಿ ಬಿದ್ದೆ. ಗದ್ದ ತಾನಾಗಿ ಒಳಗೆ ಹೋಯಿತು, ತಲೆ ಕಲ್ಲಿಗೆ ತಾಗಲಿಲ್ಲ. ಸೊಂಟ ಮೂರು ದಿನ ನೋಯಿತು, ಅಷ್ಟೆ.

ಸೇರುವವರು ಅಕ್ಟೋಬರಿನಲ್ಲಿ ಸೇರಿ. ಜೂಡೊ ಡ್ರೆಸ್ಸಿನ ದಪ್ಪ ಹತ್ತಿಬಟ್ಟೆ ಮುಂಬಯಿ ಮಳೆಗಾಲದಲ್ಲಿ, ಫ್ಯಾನಿನ ಕೆಳಗೆ ಹರವಿದರೂ, ಎರಡು ದಿನಕ್ಕೂ ಒಣಗುವುದಿಲ್ಲ. ನಾನು ಎರಡನೇ ಜೊತೆ ಕೊಳ್ಳಬೇಕಾಯಿತು.