‘ಓ ಕಮ್ ಓ ಕಮ್ ಇಮ್ಯಾನುಯೆಲ್’ ಕ್ವಾಯರ್ ಸ್ಕೋರ್: ಹಾಡೋಕೆ ಚೆನ್ನಾಗಿದೆ, ಮುನ್ನುಡಿ ಮಾತ್ರ ನಂಬ್ಬೇಡಿ

ಅಡ್ವೆಂಟ್‌ಗೆ (ಕ್ರಿಸ್ಮಸ್‌ಗೆ ಮುಂಚಿನ ವಾರಗಳು) ಅಂತ ನಮ್ಮ ಚರ್ಚ್ ಕ್ವಾಯರ್‌ಗೆ ಆನ್‌ಲೈನಲ್ಲಿ ತಗೊಂಡ ಸ್ಕೋರ್ (ಹಾಡಿನ ಸ್ವರ ಬರೆದ ಪುಟಗಳು) ಇದು, ನಾಲ್ಕು ಪಾರ್ಟ್‌ದು, ಪಿಡಿಎಫ್. ಕಾಪಿ ಲೆಕ್ಕದಲ್ಲಿ ಲೈಸೆನ್ಸ್, ನಾವು ಹದಿನೆಂಟು ಜನ ಹದಿನೆಂಟಕ್ಕೂ ದುಡ್ಡು ಕಟ್ಟಿದ್ವಿ, ಒಂದು ತಗೊಂಡು ಜೆರಾಕ್ಸ್ ಹೊಡೆಯೋ ಐಡಿಯಾ ಒಬ್ರು ಕೊಟ್ರು, ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ.

ಅರೇಂಜ್‌ಮೆಂಟ್ ನಿಜವಾಗ್ಲೂ ಚೆನ್ನಾಗಿದೆ. ಮೊದಲ್ನೇ ಚರಣಕ್ಕೆ ಹಾರ್ಮನಿ ಇಲ್ಲ, ಸೊಪ್ರಾನೋದವ್ರು (ಹೆಂಗಸರ ಮೇಲಿನ ದನಿ) ಟ್ಯೂನ್ ಹಾಡ್ತಾರೆ, ಬೇಸ್‌ನವ್ರು ಕೆಳಗೆ ಒಂದೇ ಸ್ವರ ಹಿಡ್ಕೊಂಡು ನಿಂತಿರ್ತಾರೆ ಅಷ್ಟೇ, ತಂಬೂರಿ ಶ್ರುತಿ ಕೇಳಿ ಬೆಳೆದ ನಮ್ಮ ಕಿವಿಗೆ ಅದು ಮೊದಲ ರಿಹರ್ಸಲ್‌ಗೇ ಕೂತ್ಬಿಡ್ತು. ‘ರಿಜಾಯ್ಸ್’ (ಹಿಗ್ಗಿ) ಅನ್ನೋ ಕಡೆ ಟ್ಯೂನು ತನ್ನ ಅತಿ ಮೇಲಿನ ಸ್ವರಕ್ಕೆ ಹೋಗುತ್ತೆ, ಸಾಮಾನ್ಯವಾಗಿ ಎಲ್ರೂ ಅಲ್ಲಿ ಕಿರುಚ್ತಾರೆ, ಇದ್ರಲ್ಲಿ ಮೆತ್ತಗೆ ಹಾಡಿ ಅಂತ ಗುರುತು ಹಾಕಿದಾರೆ, ಹಾಗೆ ಹಾಡಿದ್ರೆ ಮೈ ಜುಂ ಅನ್ನುತ್ತೆ.

ಈಗ ಬೇಜಾರಿನ ವಿಷಯ. ಮೊದಲ ಪುಟದಲ್ಲಿ ‘12ನೇ ಶತಮಾನದ ಲ್ಯಾಟಿನ್ ಅಡ್ವೆಂಟ್ ಗೀತೆ, ಅದೇ ಟ್ಯೂನಲ್ಲಿ’ ಅಂತ ಹಾಕಿದಾರೆ. ಪದ ಬೇರೆ ಕಡೆಯಿಂದ ಬಂದದ್ದು ಟ್ಯೂನ್ ಬೇರೆ ಕಡೆಯಿಂದ ಬಂದದ್ದು ಸ್ವಾಮಿ! ಡಿಸೆಂಬರ್ 17ರಿಂದ 23ರ ತನಕ ಸಂಜೆ ಪ್ರಾರ್ಥನೇಲಿ ಹಾಡೋ ‘ಓ’ ಆಂಟಿಫೋನ್‌ಗಳು, ಅಂದ್ರೆ ‘ಓ’ ಅಂತ ಶುರುವಾಗೋ ಚಿಕ್ಕ ಪ್ರಾರ್ಥನಾ ಗೀತೆಗಳು, ತುಂಬಾ ಹಳೇವು, ಒಪ್ಪಿದೆ, ಆದ್ರೆ ಅವನ್ನ ಪದ್ಯ ಮಾಡಿದ ಈ ಲ್ಯಾಟಿನ್ ಹಾಡು ನಮಗೆ ಸಿಗೋದು 1710ರಲ್ಲಿ ಜರ್ಮನಿಯ ಕಲೋನ್ ಊರಲ್ಲಿ ಅಚ್ಚಾದ ಪುಸ್ತಕದಲ್ಲಿ. ಇಂಗ್ಲೆಂಡಿನ ಪಾದ್ರಿ ಜಾನ್ ಮೇಸನ್ ನೀಲ್ ಅದನ್ನ 1851ರಲ್ಲಿ ಇಂಗ್ಲಿಷ್ ಮಾಡಿದ್ರು, ಆಗ ಶುರು ಆಗ್ತಿದ್ದಿದ್ದು ‘ಡ್ರಾ ನೈ’ (ಹತ್ರ ಬಾ) ಅಂತ, ‘ಓ ಕಮ್’ ಆಗಿದ್ದು ಹತ್ತು ವರ್ಷ ಆದ್ಮೇಲೆ.

ಟ್ಯೂನ್ ಕಥೆ ಇನ್ನೂ ಮಜಾ ಇದೆ. ಅದನ್ನ ಈ ಪದಕ್ಕೆ ಜೋಡಿಸಿದ್ದು ಇಂಗ್ಲೆಂಡಿನ ಕ್ವಾಯರ್ ಮಾಸ್ಟರ್ ಥಾಮಸ್ ಹೆಲ್ಮೋರ್, 1850ರ ದಶಕದಲ್ಲಿ, ‘ಲಿಸ್ಬನ್ ಲೈಬ್ರರಿಯಲ್ಲಿರೋ ಫ್ರೆಂಚ್ ಮಿಸ್ಸಲ್‌ನಿಂದ’ (ಚರ್ಚಿನ ಪೂಜೆ ಪುಸ್ತಕ) ಅಂತ ಕೆಳಗೆ ಬರೆದ್ರು, ಜನ ಹೋಗಿ ಹುಡುಕಿದ್ರೆ ಅಲ್ಲಿ ಏನೂ ಸಿಗ್ಲಿಲ್ಲ, ಹಂಗಾಗಿ ನೂರು ವರ್ಷ ‘ಈ ಪುಣ್ಯಾತ್ಮ ತಾನೇ ಕಟ್ಟಿರ್ಬೇಕು’ ಅನ್ನೋ ಗುಮಾನಿ. ಕೊನೆಗೆ 1966ರಲ್ಲಿ ಮೇರಿ ಬೆರ್ರಿ, ಸಂಗೀತ ವಿದ್ವಾಂಸೆ, ಸನ್ಯಾಸಿನಿ ಕೂಡ, ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ 15ನೇ ಶತಮಾನದ ಒಂದು ಚಿಕ್ಕ ಹಸ್ತಪ್ರತೀಲಿ ಇದೇ ಟ್ಯೂನ್ ಹಿಡಿದ್ರು, ಫ್ರಾನ್ಸಿಸ್ಕನ್ ಸನ್ಯಾಸಿನಿಯರು ಮೆರವಣಿಗೇಲಿ ಕೈಲಿ ಹಿಡ್ಕೊಂಡು ಹಾಡೋ ಪುಸ್ತಕ ಅದು. ಆದ್ರೆ ಪದ ಕ್ರಿಸ್ಮಸ್‌ದಲ್ಲ. ಸತ್ತವರಿಗೆ ಹಾಡೋ ‘ಲಿಬೆರಾ ಮೆ’ ಜೊತೆ ಬರೋ ಚರಣಗಳು. ಅಂದ್ರೆ ನಾವು ಕ್ಯಾಂಡಲ್ ಹಚ್ಕೊಂಡು ‘ರಿಜಾಯ್ಸ್’ ಅಂತಿರೋದು ಮಣ್ಣು ಮಾಡೋಕೆ ಹೋಗೋವಾಗಿನ ಟ್ಯೂನಲ್ಲಿ! ಇಷ್ಟು ಒಳ್ಳೆ ಕಥೆ ಇಟ್ಕೊಂಡು ‘12ನೇ ಶತಮಾನ’ ಅಂತ ಒಂದು ಲೈನ್ ಗೀಚಿ ಬಿಟ್ಟವ್ರಿಗೆ ಏನನ್ಬೇಕು.

ಆ ಹಸ್ತಪ್ರತೀಲಿ ಎದುರುಬದುರು ಪುಟದಲ್ಲಿ ಎರಡು ದನಿ ಬರೆದಿದೆಯಂತೆ, ಒಂದು ಕಡೆ ಟ್ಯೂನು, ಇನ್ನೊಂದು ಕಡೆ ಅದರ ಜೋಡಿ. ಇದನ್ನ ಓದಿದ್ಮೇಲೆ ನಾವು ಎರಡನೇ ಚರಣಕ್ಕೆ ಸ್ಕೋರ್ ಪಕ್ಕಕ್ಕಿಟ್ಟು ಇಬ್ರೇ ಹೆಂಗಸರ ಹತ್ರ ಹಾಡ್ಸಿದ್ವಿ, ಒಬ್ರು ಟ್ಯೂನು, ಒಬ್ರು ಆಲ್ಟೋ (ಹೆಂಗಸರ ಕೆಳಗಿನ ದನಿ) ಲೈನು. ಹಿಂದಿನ ಬೆಂಚಲ್ಲಿ ಯಾವಾಗ್ಲೂ ಪಿಸುಗುಡೋ ಹುಡುಗ್ರೂ ಸುಮ್ನಾದ್ರು.

ಪ್ರಿಂಟ್ ಸೈಜ್ ಓಕೆ, ಆರ್ಗನ್ ಪಾರ್ಟ್ ಸುಲಭ. ಟೆನರ್‌ಗೆ (ಗಂಡಸರ ಮೇಲಿನ ದನಿ) ಕೊನೇ ಚರಣ ಸ್ವಲ್ಪ ಮೇಲಾಯ್ತು, ನಾನು ಟೆನರ್, ಅನುಭವಿಸಿದೀನಿ. ಪುಟ ತಿರುಗಿಸೋದು ಸರಿಯಾಗಿ ‘ರಿಜಾಯ್ಸ್’ ಮಧ್ಯದಲ್ಲೇ ಬರುತ್ತೆ, ಹದಿನೆಂಟು ಜನ ಒಟ್ಟಿಗೆ ಪರಪರ ಅನ್ನಿಸ್ತಾರೆ, ಆ ಎರಡು ಪುಟ ಸೆಲೋಟೇಪ್ ಹಾಕಿ ಅಕ್ಕಪಕ್ಕ ಅಂಟಿಸ್ಕೊಳಿ. ಐದಕ್ಕೆ ನಾಲ್ಕು, ಮುನ್ನುಡಿ ತಿದ್ದಿದ್ರೆ ಇನ್ನರ್ಧ ಸೇರಿಸ್ತೀನಿ.