ನಮ್ಮೂರ ಶಾಲೆಯ ಎಸ್‌ಡಿಎಂಸಿ: ಐದರಲ್ಲಿ ಮೂರೂವರೆ

ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಬಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು (ಎಸ್‌ಡಿಎಂಸಿ) ಒಂದು ಸೇವೆಯೆಂದೇ ಪರಿಗಣಿಸಿ ಅಳೆಯುವುದಾದರೆ, ನಮ್ಮೂರಿನ ಸಮಿತಿಗೆ ಐದರಲ್ಲಿ ಮೂರೂವರೆ ಅಂಕ ಸಲ್ಲುತ್ತದೆ.

ಅದರ ನಿಜವಾದ ಬಲ ಕಾಣುವುದು ಬಿಸಿಯೂಟದ ಅಡುಗೆಮನೆಯಲ್ಲಿ. ಸರದಿಯಂತೆ ಬರುವ ತಾಯಂದಿರು ಅಕ್ಕಿ ಮೂಟೆಗಳನ್ನು ನೆಲದ ತೇವ ತಾಗದಂತೆ ಹಲಗೆಯ ಮೇಲೆ ಇಡಿಸುತ್ತಾರೆ, ಬೇಳೆಯಲ್ಲಿ ಹುಳು ಬಿದ್ದಿದೆಯೇ ಎಂದು ಮೊರದಲ್ಲಿ ಕೇರಿ ನೋಡುತ್ತಾರೆ, ಬೇಯಿಸಿದ ಮೊಟ್ಟೆಗಳ ಲೆಕ್ಕವನ್ನು ಅಂದಿನ ಹಾಜರಾತಿಯೊಂದಿಗೆ ತಾಳೆ ಹಾಕಿ, ಮಕ್ಕಳಿಗಿಂತ ಮೊದಲು ಸಾರಿನ ರುಚಿ ನೋಡಿ ರಿಜಿಸ್ಟರಿನಲ್ಲಿ ಸಹಿ ಮಾಡುತ್ತಾರೆ. ಯಾವ ತಪಾಸಣಾಧಿಕಾರಿಯೂ ದಿನವೂ ಇಷ್ಟು ನೋಡಲಾರ. ಶೌಚಾಲಯಕ್ಕೆ ನೀರು, ಕಾಂಪೌಂಡಿನ ದುರಸ್ತಿ ಮುಂತಾದವೂ ಆಗಿವೆ.

ಕೊರತೆ ಇರುವುದು ಸಭೆಗಳಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸಮಿತಿಯ ಮುಕ್ಕಾಲು ಭಾಗ ಪಾಲಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಕಾಗದದಲ್ಲಿ ಎಲ್ಲವೂ ಸರಿಯಾಗಿದೆ. ಆದರೆ ಕೂಲಿಗೆ ಹೋಗುವವರು ಬರಲಾಗದ ಬೆಳಗಿನ ಹನ್ನೊಂದು ಗಂಟೆಗೆ ಸಭೆ ಕರೆದು, ಠರಾವಿನ ಪುಸ್ತಕವನ್ನು ಆಮೇಲೆ ಮನೆಮನೆಗೆ ಕಳುಹಿಸಿ ಸಹಿ ಹಾಕಿಸಿಕೊಳ್ಳುವ ಪದ್ಧತಿ ಇನ್ನೂ ಹೋಗಿಲ್ಲ. ಶಾಲಾ ಅಭಿವೃದ್ಧಿ ಯೋಜನೆಯಲ್ಲಿ ಬಣ್ಣ, ಗೇಟು, ಧ್ವಜಕಟ್ಟೆಗಳ ಮಾತು ಧಾರಾಳವಾಗಿದೆ. ಐದನೆಯ ತರಗತಿಯ ಮಗು ಭಾಗಾಕಾರ ಮಾಡಬಲ್ಲದೇ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತುವುದಿಲ್ಲ. (ದಾನಿಗಳ ಹೆಸರಿನ ಫಲಕಕ್ಕೆ ಅರ್ಧ ಪುಟವೇ ಮೀಸಲು!)

ಮಗುವನ್ನು ಇಲ್ಲಿಗೆ ಸೇರಿಸುವ ಪಾಲಕರು ಸಭೆಯನ್ನು ಸಂಜೆಗೆ ಇಡುವಂತೆ ಲಿಖಿತವಾಗಿ ಕೇಳುವುದು ಒಳ್ಳೆಯದು.